ಗುಳಿಗಳ ಎಣಿಕೆ

ಓರ್ಹುಸ್. ನವೆಂಬರ್. ಕೊನೆಯ ಟ್ರಾಮು ಹೋಗಿ
ನೆಲದ ನಡುಕ ಇಳಿದ ಮೇಲೆಯೇ
ನೆಲಮಾಳಿಗೆಯ ಸೂಜಿಗೆ ಕಣ್ಣು ಬರುವುದು.

ಟಂಗ್‌ಸ್ಟನ್ ಮೊನೆ
ಮುಟ್ಟದೆ ಸವರುತ್ತದೆ ನಿಕ್ಕಲ್ಲಿನ ಮೈ,
ಕುರುಡರ ಬೆರಳು ಮುಖದ ಹತ್ತಿರ ಬಂದು
ತಡೆದ ಹಾಗೆ.

ಮೂರು ದಿನ ಆ ಮೈ ತೊಳೆದವಳು ಬೋದಿಲ್.
ಆರ್ಗಾನಿನ ಆಲಿಕಲ್ಲು ಹೊಡೆದು, ಕೆಂಪಗೆ ಕಾಯಿಸಿ,
ಮತ್ತೆ ಹೊಡೆದು, ಮತ್ತೆ ಕಾಯಿಸಿ,
ಗಾಳಿಯೂ ಇಲ್ಲದ ಉಕ್ಕಿನ ಗುಡಾಣದಲ್ಲಿ.
ಆಮೇಲೆ ಚಿನ್ನದ ಆವಿ:
ಒಂದು ಗುಂಜಿಯಲ್ಲಿ ಒಂದು ಮನೆಯ ನೆಲವಿಡೀ
ಬಳಿಯಬಹುದಾದಷ್ಟು ತೆಳು.

"ಒಳಗೆ ಇವೆರಡಕ್ಕೂ ಕೂಡಿಬರುವುದಿಲ್ಲ," ಅಂದಳು ಇಫ್ರಾ.
"ಕರಗಿಸಿ ಬೆರೆಸು, ಆರುವಾಗ
ಪಾಲಾದ ಅಣ್ಣತಮ್ಮಂದಿರು.
ಮೇಲಿನ ಒಂದೇ ಪಂಕ್ತಿಯಲ್ಲಿ ಮಾತ್ರ
ಚಿನ್ನ ನಿಕ್ಕಲ್ಲನ್ನು ಎಬ್ಬಿಸಿ
ಅದರ ಮಣೆಯಲ್ಲಿ ಕೂರುತ್ತದೆ."

ಪರದೆಯ ತುಂಬ ಜೋಳದ ತೆನೆ, ಒತ್ತೊತ್ತು ಕಾಳು.
ನಡುನಡುವೆ ಹಲ್ಲುದುರಿದಂತೆ ಕಪ್ಪು ಗುಳಿ.
ಮೂವತ್ತೊಂದು ವರ್ಷದಲ್ಲೂ ಬೋದಿಲ್‌ಗೆ ಒಗ್ಗದ ಮಾತು:
ಆ ಗುಳಿಯೇ ಚಿನ್ನ.
ದೊಡ್ಡ ಪರಮಾಣು, ಸಾಲಿಗಿಂತ ತುಸು ಮೇಲೆಯೇ ಉಬ್ಬಿದೆ;
ಸೂಜಿ ಕೇಳುವುದು ಎತ್ತರವನ್ನಷ್ಟೇ ಅಲ್ಲವಲ್ಲ,
ಎಲೆಕ್ಟ್ರಾನು ಬಿಟ್ಟುಕೊಡುವ ಮನಸ್ಸನ್ನೂ.
ಪಕ್ಕದ ನಿಕ್ಕಲ್ಲು ಮಾತ್ರ
ನೆಂಟರ ಒಡವೆ ಎರವಲು ತೊಟ್ಟಂತೆ
ಒಂದಿಷ್ಟು ಹೆಚ್ಚೇ ಬೆಳಗುತ್ತದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ, ಸರಿ.
ಇಲ್ಲಿ ಕಪ್ಪಗಿರುವುದನ್ನು ಎಣಿಸಬೇಕು.
ಯಂತ್ರದ ಲೆಕ್ಕ ನಂಬದ ಇಫ್ರಾ
ಪೆನ್ಸಿಲ್ ಕಚ್ಚಿಕೊಂಡು ಎಣಿಸುತ್ತಾಳೆ.
ನೂರಕ್ಕೆ ಏಳು. ಇನ್ನೊಂದು ಚೌಕ, ಏಳೂವರೆ.
"ಉಳಿದ ಚಿನ್ನ ಎಲ್ಲಿ ಹೋಯಿತು?"
"ಮೆಟ್ಟಿಲಂಚಿನಲ್ಲಿ ಹುಡುಕು. ಗುಂಪುಗೂಡುವುದು ಅಲ್ಲೇ."
"ಕಡಿಮೆ ಬಿದ್ದರೆ ನಿನ್ನ ಉಂಗುರ ಆವಿ ಮಾಡೋಣ."
"ಹದಿನಾಲ್ಕು ಕ್ಯಾರೆಟ್ಟು! ತಾಮ್ರ ಇದೆ, ಬೆಳ್ಳಿ ಇದೆ,
ನಿನ್ನ ಗುಡಾಣ ಮೈಲಿಗೆಯಾದೀತು.
ಐವಿನ್ ಬಡವ, ಬೆರಕೆಯದ್ದು ಕೊಂಡ.
ಅದಕ್ಕೇ ಸವೆದಿಲ್ಲ."

ಶುಕ್ರವಾರ ಅವಳ ಕೊನೆಯ ಪಾಳಿ.
ಹಿಡಿ ಮುರಿದ ಕಾಫಿ ಕಪ್ಪಿನಲ್ಲಿ ಉಂಗುರ ಎಂದಿನಂತೆ;
ಈ ಕೆಲಸಕ್ಕೆ ಬರಿಗೈಯೇ ಬೇಕು.
ಐವಿನ್ ಹೋಗಿ ಆರು ಚಳಿಗಾಲ.
ಪರದೆಯ ಬೂದು ಬೆಳಕಿಗೆ ಕೈ ನೀಡಿ ತೋರಿಸುತ್ತಾಳೆ:
"ಇಗೋ, ಇಲ್ಲೊಂದು ಬಿಟ್ಟಿದ್ದೀ."

ಇಫ್ರಾ ಬಾಗಿ ನೋಡುತ್ತಾಳೆ.
ಗೆಣ್ಣಿನ ಕೆಳಗೆ, ಬೆರಳ ಸುತ್ತ,
ಬಿಳಿಚಿದ ಒಂದು ತಗ್ಗು.

ಪೆನ್ಸಿಲ್ ಎತ್ತಿ, ಹಾಳೆಯ ಅಂಚಿನಲ್ಲಿ
ಒಂದು ಗೀಟು ಹಾಕಿಕೊಳ್ಳುತ್ತಾಳೆ.
ಅಷ್ಟರಲ್ಲಿ ಬೆಳಗಿನ ಮೊದಲ ಟ್ರಾಮು.
ಸಾಲು ಸಾಲೇ ನಡುಗುತ್ತದೆ.