ಕಣ್ಣಿನ ಅಳತೆ

ಹನ್ನೊಂದರ ಬಸ್ಸಿಗೆ ಮಜಾಳಿಯಿಂದ ಬಂದ ಸಾತು ಹರಿಕಂತ್ರ,
ಎಲೆಯಡಿಕೆಯ ಜೇಬಲ್ಲಿ ಮೂರು ಬಿದಿರ ಪಟ್ಟಿ.
ಬಲೆಯ ಕಣ್ಣು ಎಷ್ಟಿರಬೇಕೆಂದು
ನೂಲು ಸುತ್ತಿ ಗಂಟು ಬಿಗಿಯುವ ಪಟ್ಟಿ.

ಕೋಡಿಬಾಗದ ಹಳೇ ಸುಂಕದ ಕಚೇರಿಯ ಮಹಡಿಯಲ್ಲಿ
ನಮ್ಮದೊಂದು ಮ್ಯೂಸಿಯಂ.
ರಾಜರಿಲ್ಲ, ಕತ್ತಿಯಿಲ್ಲ, ನಾಣ್ಯವೂ ಇಲ್ಲ.
‘ಬದಲಾಗುತ್ತಿರುವ ಕಡಲು’ ಎಂದು ಬೋರ್ಡು ಓದಿದವರು
ಕಡಲು ಎದುರಿಗೇ ಇದೆಯಲ್ಲ, ಟಿಕೆಟ್ಟೇಕೆ
ಎಂದು ಮುಂದೆ ಹೋಗುತ್ತಾರೆ. ತಪ್ಪೇನಿಲ್ಲ.

ಇರುವುದಿಷ್ಟು:
ಯುದ್ಧದ ವರ್ಷ ಬಲೆ ತುಂಬ ಬಂದು
ಹೆಸರಿಲ್ಲದ್ದರಿಂದ ಕಾರ್ಗಿಲ್ ಎನಿಸಿಕೊಂಡ ಕಪ್ಪು ಮೀನು, ಬಾಟಲಿಯಲ್ಲಿ.
ದೇವಬಾಗದ ಮನೆಯೊಂದರ ಹೊಸ್ತಿಲು;
ಮನೆ ನೀರಿನಲ್ಲಿದೆ.
ಯಾರದೋ ಹುಡುಗ ಬಕೆಟ್ಟಿನಲ್ಲಿ ತಂದ ಲೋಳೆಮೀನು
ರಾತ್ರಿ ಕಳೆಯುವುದರಲ್ಲಿ ಕರಗಿಹೋಯಿತು,
ನಂಬರು ಕೊಟ್ಟಾಗಿತ್ತು.
ಹೀಗಾಗಿ ನಮ್ಮ ನಲವತ್ತೊಂದನೇ ವಸ್ತು: ನೀರು.

ಸಾತು ಪಟ್ಟಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟ.
ಅಜ್ಜನದು ಮೂರು ಬೆರಳಗಲ.
ಅಪ್ಪನದು ಒಂದೂವರೆ.
ಅವನದು ನನ್ನ ಕಿರುಬೆರಳ ಉಗುರಿನಷ್ಟು.

ಯಾವ ವರ್ಷದ್ದು? ಯಾರು ಮಾಡಿದ್ದು? ಸ್ಥಿತಿ ಹೇಗಿದೆ?
ಫಾರ್ಮು ಕೇಳಿದ್ದನ್ನೇ ನಾನೂ ಕೇಳಿದೆ.
ಅಜ್ಜನದರ ಅಂಚು ನೂಲು ಉಜ್ಜಿ ಉಜ್ಜಿ
ಮಗುವಿನ ಒಸಡಿನ ಹಾಗೆ ನುಣ್ಣಗಿತ್ತು.
‘ಸ್ಥಿತಿ: ಉತ್ತಮ’ ಎಂದು ಬರೆದೆ.

“ಅಜ್ಜನ ಕಣ್ಣಲ್ಲಿ ಮರಿ ಎಲ್ಲ ದಾಟಿ ಹೋಗ್ತಿತ್ತು, ಮೇಡಂ.
ದೊಡ್ಡದಾಗಿ ಬಾ ಹೋಗು ಅಂತ
ಒಂದು ಬೈಗುಳ ಬೈತಿದ್ದ ಅದಕ್ಕೆ.
ಅದನ್ನೂ ಬರಕೊಳ್ತೀರಾ?”
ಅದಕ್ಕೆ ಕಾಲಂ ಇರಲಿಲ್ಲ.
ಹೆಂಗಸೆಂದು ಅರ್ಧ ಮಾತ್ರ ಹೇಳಿದ,
ಉಳಿದರ್ಧ ನಾನೇ ಊಹಿಸಿ
ಷರಾದಲ್ಲಿ ಬರೆದುಕೊಂಡೆ.

ಸಹಿ ಹಾಕಿದ ಮೇಲೆ
ತನ್ನ ಪಟ್ಟಿಯನ್ನು ತಿರುಗಿ ಜೇಬಿಗಿಳಿಸಿದ.
“ಇದು ನಾಳೆಗೆ ಬೇಕು.”
ಆಗಲೇ ಐವತ್ತೆಂಟು ಎಂದು ಬರೆದಾಗಿದೆ ಮಾರಾಯರೇ, ಎಂದೆ.
ನಕ್ಕು, ಹೊರತೆಗೆದು, ಪುಟದ ಮೇಲಿಟ್ಟು ಹಿಡಿದ;
ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದುಕೊಂಡೆ.
ಒಂದು ಖಾಲಿ ಚೌಕ, ಅಂಚೆಚೀಟಿಗಿಂತ ಕಿರಿದು.

“ಮಗನಿಗೆ ಇದಕ್ಕಿಂತ ಸಣ್ಣದು ಮಾಡಿಕೊಡ್ತೀರಾ?”
ಬಾಯಿ ಜಾರಿ ಕೇಳಿಬಿಟ್ಟೆ.
ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತ ಅಂದ:
“ಇದಕ್ಕೂ ಸಣ್ಣದಾದರೆ ಅದು ಬಲೆ ಅಲ್ಲ, ಬಟ್ಟೆ.”

ಸಂಜೆ ಬೈತಖೋಲದಲ್ಲಿ ಒಂದು ಪಾಲು ತಾರ್ಲೆ ಕೊಂಡೆ,
ನೂರು ರೂಪಾಯಿಗೆ. ಎಲ್ಲ ಬೆರಳುದ್ದ.
ತೊಳೆಯುವಾಗ ಒಂದನ್ನು ಬೆರಳ ಮೇಲೆ ಮಲಗಿಸಿ ನೋಡಿದೆ.
ಅಜ್ಜನ ಕಣ್ಣಲ್ಲಿ ಇಂಥವು ನಾಲ್ಕು
ಒಟ್ಟಿಗೆ ದಾಟಬಹುದು, ಮೈ ತಾಗದೆ.
ಬೈಗುಳ ನೆನಪಾಯಿತು,
ನಾನು ಊಹಿಸಿದ ಅರ್ಧವೂ.

ಮುಳ್ಳು ಸಮೇತ ಹುರಿದು ತಿಂದೆ.
ರುಚಿ ಇತ್ತು.