ಅಡ್ಡಿಲ್ಲ

ಬೈತಖೋಲಿನ ಆ ಐಸ್ ಫ್ಯಾಕ್ಟರಿಯಲ್ಲಿ ಕುರ್ಚಿ ಒಂದೇ.
ಅದನ್ನು ನನಗೆ ಕೊಟ್ಟು
ತಾನು ಬೋರಲು ಹಾಕಿದ ಮೀನಿನ ಕ್ರೇಟಿನ ಮೇಲೆ ಕೂತು
ಸುಲಕ್ಷಾ ತಾಂಡೇಲ ಕೇಳಿದಳು:
"ಕೆಲಸಕ್ಕೆ ನಿಂಗೆ ಏನೇನು ಬೇಕು, ಮೊದಲು ಅದು ಹೇಳು."

ಏಳು ವರ್ಷದಿಂದ ಕಂಡಕಂಡವರಿಗೆ ಕೋಡು ಬರೆದಿದ್ದೇನೆ.
ಮುಖ ತೋರದವರು, ನಡುರಾತ್ರಿ ಅರ್ಜೆಂಟ್ ಎಂದವರು,
ಬಿಲ್ಲು ಮುಟ್ಟಿದೊಡನೆ ಫೋನು ಆರಿಸಿಕೊಂಡವರು.
ಹೀಗೆ ಕೇಳಿದವರಿರಲಿಲ್ಲ.
ತಡವರಿಸಿ, "ನಿಮ್ಮ ಉದ್ರಿ ಪುಸ್ತಕ" ಎಂದೆ.

ಹನ್ನೊಂದು ಪುಸ್ತಕ. ತೇವಕ್ಕೆ ಉಬ್ಬಿದ ಹಾಳೆ,
ತೆರೆದರೆ ಅಮೋನಿಯದ ಘಾಟು.
ಟ್ರಾಲಿಂಗ್ ಬಂದಾದ ಆ ಎರಡು ತಿಂಗಳು
ಕೋಡಿಬಾಗದ ಕೋಣೆಯಲ್ಲಿ
ಕಾಳಿ ಸೇತುವೆಯ ಲಾರಿಗಳ ಸದ್ದಿನೊಳಗೆ ಕೂತು
ಯಾವ ಬೋಟಿಗೆ ಎಷ್ಟು ಗಡ್ಡೆ, ಯಾರ ಬಾಕಿ ಎಷ್ಟು,
ಬಿಡಿಸಿ ಬಿಡಿಸಿ ಬರೆದೆ.

ಅವಳ ಒದ್ದೆ ಬೆರಳಿಗೆ ಪರದೆ ಓಗೊಡಲಿಲ್ಲ.
"ಇದಕ್ಕೆ ನನ್ನ ಗುರ್ತವೇ ಇಲ್ಲ" ಎಂದು ನಕ್ಕಳು, ಸಿಟ್ಟಾಗಲಿಲ್ಲ.
ಹಳೇ ಕೀಬೋರ್ಡೊಂದನ್ನು ಹುಡುಕಿ ತಂದು
ಮೀನಿನ ಪ್ಲಾಸ್ಟಿಕ್ಕು ಸುತ್ತಿದೆವು.
ನೋಡಿ, 'ಸುತ್ತಿದೆ' ಎಂದು ಬರೆಯಹೊರಟಿದ್ದೆ,
'ವು' ತಾನಾಗಿಯೇ ಬಂತು.
'ಸರಿ' ಎಂಬ ಗುಂಡಿಯ ಹೆಸರನ್ನೂ ಬದಲಿಸಿದಳು:
"ಅಡ್ಡಿಲ್ಲ ಅಂತ ಹಾಕು. ಇಲ್ಲಿ ಸರಿ ಅಂತ ಯಾರು ಹೇಳ್ತಾರೆ?"

ಏಳನೇ ಪುಸ್ತಕದಲ್ಲಿ ಒಂದು ಬೋಟಿನ ಮುಂದೆ
ಮೊತ್ತವಿರಲಿಲ್ಲ. ಬರೀ ಒಂದು ಗೆರೆ.
"ಅದು ತಿರುಗಿ ಬರಲಿಲ್ಲ" ಎಂದಳು.
"ಆ ದುಡ್ಡು ಕೇಳೂದಲ್ಲ. ಅಳಿಸೂದೂ ಅಲ್ಲ."
ನನ್ನಲ್ಲಿದ್ದದ್ದು ಎರಡೇ ಮನೆ: ಬಂತು, ಬರಬೇಕು.
ಆ ರಾತ್ರಿ ಮೂರನೆಯದೊಂದು ಕಟ್ಟಿದೆ.
ಹೆಸರಿಡಲು ಹೊಳೆಯಲಿಲ್ಲ.
ಗೆರೆಯನ್ನೇ ಇಟ್ಟೆ.

ಆಗಸ್ಟ್ ಒಂದು. ಧಕ್ಕೆಯ ತುಂಬ ದೀಪ, ಡೀಸೆಲ್ ಹೊಗೆ,
ಬೆಳಗಾಗುವ ಮುಂಚೆ ಹೊರಡಬೇಕಾದ ನಲವತ್ತು ಬೋಟು,
ಹತ್ತು ಗಡ್ಡೆ ಒಯ್ದವನ ಲೆಕ್ಕದಲ್ಲಿ ನೂರು!
ತಾಂಡೇಲರೆಲ್ಲ ಒಮ್ಮೆಗೇ ಕೂಗತೊಡಗಿದರು,
ನನ್ನ ಕೈ ಐಸಿಗಿಂತ ತಣ್ಣಗೆ.
ಅವಳು ಕಪಾಟಿನಿಂದ ಹನ್ನೆರಡನೆಯದನ್ನು ತೆಗೆದಳು.
ಗೆರೆ ಎಳೆದು, ತಾರೀಖು ಹಾಕಿ, ಮೊದಲೇ ಸಿದ್ಧವಿಟ್ಟಿದ್ದ ಪುಸ್ತಕ.
ನನ್ನ ಮೇಲೆ ನಂಬಿಕೆಯಿರಲಿಲ್ಲವೇ, ಎನಿಸಿತು ಒಂದು ಗಳಿಗೆ.
"ಪುಸ್ತಕ ಶುರು ಮಾಡಿದ ವರ್ಷ
ನಾನೂ ಸೊನ್ನೆ ಹೆಚ್ಚು ಹಾಕಿದವಳೇ.
ನೀ ತಿದ್ದು, ಅಲ್ಲಿವರೆಗೆ ನಾ ಬರಕೊಳ್ತೆ."
ಮತ್ತೆ ಕೂಗುವವರ ಕಡೆ ತಿರುಗಿ
"ಹುಡುಗಿ ಕೆಲಸದಲ್ಲಿದ್ದಾಳೆ, ಸುಮ್ಮನಿರಿ" ಎಂದಳು.

ಮೂರು ರಾತ್ರಿ ಹಿಡಿಯಿತು.
ಲೆಕ್ಕ ಕೂಡಿತು. ನಾಚಿಕೊಂಡೇ ಬಿಲ್ಲು ಕೊಟ್ಟೆ.
ಓದಿ, ಪೆನ್ಸಿಲ್ಲು ಕಿವಿಯಿಂದ ತೆಗೆದು
"ಆ ಮೂರು ರಾತ್ರಿ ಎಲ್ಲಿ ಹೋಯ್ತು?" ಎಂದು
ತಾನೇ ಕೆಳಗೆ ಬರೆದು, ಕೂಡಿಸಿ, ನೋಟು ಎಣಿಸಿದಳು.

"ಕೂಡಿಸುವಲ್ಲಿ ನೂರು ರೂಪಾಯಿ ಹೆಚ್ಚಾಗಿದೆ" ಎಂದೆ.
ಐಸು ಪುಡಿಮಾಡುವ ಯಂತ್ರದ ಗದ್ದಲಕ್ಕೆ
ಕೇಳಿತೋ ಇಲ್ಲವೋ,
ಅಡ್ಡಿಲ್ಲ, ಎಂದಳು.