ನಡಾವಳಿ

ಕಾರ್ಯದರ್ಶಿಗೆ ಕೆಮ್ಮು. ಪುಸ್ತಕ ನನ್ನ ಕೈಗೆ ಬಂತು.
ನಾನು ಪಂಚಾಯ್ತಿ ಬಿಲ್ ಕಲೆಕ್ಟರು, ನೀರಿನ ಕಂದಾಯದವಳು,
ಯಾವ ಮನೆಯ ಬಾಕಿ ಎಷ್ಟೆಂದು ಬಾಯಲ್ಲೇ ಬಲ್ಲೆ.
ಶಾಲೆ ಬಯಲಲ್ಲಿ ಶಾಮಿಯಾನ, ಬಾಡಿಗೆ ಕುರ್ಚಿ ಅರವತ್ತು.
ಬಿಳಿಗಲ್ಲಕೊಪ್ಪಲಿನ ಜನ ನೆಲದ ಮೇಲೆ ಕೂತರು.
ಕುರ್ಚಿಯಲ್ಲಿ ಕೂತರೆ ಒಪ್ಪಿದಂತೆ ಎಂದು
ಬೆಳಿಗ್ಗೆ ಡೈರಿಯಲ್ಲಿ ಹಾಲು ಅಳೆಯುವಾಗ ಯಾರೋ ಹೇಳಿದ್ದರಂತೆ.

ಸಾಹೇಬರು ಒಳ್ಳೆಯವರು. ಬಿಸಿಲಲ್ಲಿ ನಿಂತೇ ಮಾತಾಡಿದರು.
ಇದು ಉಕ್ಕಿನ ಡಬ್ಬ, ಇದು ತಾಮ್ರದ ಹೊದಿಕೆ, ಇದು ಜೇಡಿ,
ಇದು ನಿಮ್ಮ ಬಂಡೆ. ಇನ್ನೂರೈವತ್ತು ಕೋಟಿ ವರ್ಷದ್ದು.
ಬಿರುಕಿಲ್ಲ. ಅಲುಗಿಲ್ಲ. ಅಲುಗುವುದಿಲ್ಲ.
ಅಣುಸ್ಥಾವರದಲ್ಲಿ ಉರಿದು ಮುಗಿದದ್ದು, ಬೂದಿ ಅಂದುಕೊಳ್ಳಿ ಎಂದರು.
ಬೂದಿಯಾದರೆ ಪಾತ್ರೆ ಬೆಳಗಬಹುದಲ್ಲ, ಎಂದಿತು ಹಿಂದಿನಿಂದ ಒಂದು ದನಿ.
‘ಸಭೆಯಲ್ಲಿ ನಗು’ ಎಂದು ಬರೆದು, ಆಮೇಲೆ ಹೊಡೆದುಹಾಕಿದೆ.

ಜವರಯ್ಯ ಎದ್ದ. ಮೂವತ್ತು ವರ್ಷ ರಿಗ್ ಲಾರಿಯ ಹಿಂದೆ ನಿಂತು
ಅರ್ಧ ಕಿವಿ ಕಳಕೊಂಡವನು; ಅದಕ್ಕೇ ಕೂಗಿ ಮಾತಾಡುತ್ತಾನೆ.
“ಬಂಡೆ ಬಿಟ್ಕೊಂಡಿಲ್ಲ ಅಂತೀರಿ ಸ್ವಾಮಿ.
ಬಿಟ್ಕೊಂಡಿಲ್ದಿದ್ರೆ ನಮ್ಗೆ ನೀರೆಲ್ಲಿಂದ ಬತ್ತದೆ?
ಆರ್ನೂರಡಿಗೆ ಧೂಳು, ಏಳ್ನೂರಕ್ಕೆ ಧೂಳು,
ಏಳ್ನೂರರವತ್ತಕ್ಕೆ ಒಂದು ಸೀಳು, ಬೆಳ್ಳಗಲಾನೂ ಇಲ್ಲ,
ಬುಸ್ ಅಂತ ಎದ್ದು ಎಲ್ರ ಮಕ ತೊಳೀತದೆ.
ಆ ಸೀಳಲ್ಲಿ ಬದುಕ್ತಿರೋ ಊರು ಇದು.
ಕೆಂಚೇಗೌಡ್ರ ತೋಟದಲ್ಲಿ ನಾವು ಗಾಳಿ ಬಿಟ್ರೆ
ಮೂರು ಹೊಲದಾಚೆ ನಿಂಗಾಜಮ್ಮನ ಬೋರಲ್ಲಿ ಗುಳ್ಳೆ ಏಳ್ತಿತ್ತು.
ಮ್ಯಾಲೆ ಬೇಲಿ ಹಾಕ್ಕೊಂಡಿದ್ದೀವಿ,
ಕೆಳಗೆ ಎಲ್ಲ ಒಂದೇ ಮನೆಯೋರು, ಬುದ್ಧಿ.”

ಸಾಹೇಬರು ತಲೆಯಾಡಿಸಿದರು. ಅಧ್ಯಕ್ಷರು ನನ್ನತ್ತ ಬಗ್ಗಿ
‘ಚರ್ಚಿಸಲಾಯಿತು ಅಂತ ಬರಿ, ಸಾಕು’ ಎಂದರು.

ಎಚ್ಚರಿಕೆಯ ಮಾತು ಬಂತು. ಕಲ್ಲಲ್ಲೇ ಕೊರೆಸುತ್ತಾರಂತೆ,
ಮೂರು ಭಾಷೆಯಲ್ಲಿ, ಹತ್ತು ಸಾವಿರ ವರ್ಷ ಬಾಳುವಂತೆ.
ಸಣ್ಣತಾಯಮ್ಮ ಕೂತಲ್ಲಿಂದಲೇ:
“ನಾ ಬಟ್ಟೆ ಒಗೆಯೋ ಕಲ್ಲ ಮ್ಯಾಲೂ ಏನೋ ಬರ್ದವ್ರೆ.
ಬನ್ನಿ, ಓದ್ಬುಟ್ಟು ಹೇಳಿ.”

ಇಡೀ ಸಭೆ ಕಟ್ಟೆಯ ಕಡೆ ನಡೆಯಿತು.
ಸೋಪಿನ ನೀರು ಕುಡಿದ ಕಲ್ಲು; ಮೇಲೆ ಸೂರ್ಯ, ಚಂದ್ರ,
ಕರುವಿಗೆ ಹಾಲೂಡುವ ಹಸು, ಕೆಳಗೆ ಎಂಟು ಸಾಲು.
ಸಾಹೇಬರು ಕನ್ನಡಕ ಒರೆಸಿ ಕುಕ್ಕರಗಾಲಲ್ಲಿ ಕೂತರು.
ಕನ್ನಡವೇ. ನಮ್ಮದೇ.
‘ಇದು ಕ... ಇದು ರ ಇರಬಹುದು...’
ಕೆರೆ ಸಾರ್, ಎಂದಳು ಒಂಬತ್ತನೇ ಕ್ಲಾಸಿನ ಹಂಸವೇಣಿ.
ಕೆರೆ ಇರಬಹುದು. ಕರೆ ಇರಬಹುದು.
ಈ ನೀರು ಮುಟ್ಟಬೇಡಿ ಎಂದಿತ್ತೋ, ಎಲ್ಲರೂ ಮುಟ್ಟಿ ಎಂದಿತ್ತೋ,
ಕೆಡಿಸಿದವನಿಗೆ ಯಾವ ನರಕ ಎಂದಿತ್ತೋ.
ಬರೆದು ಎಂಟುನೂರು ವರ್ಷವೂ ಆಗಿರಲಿಕ್ಕಿಲ್ಲ.
ಸಣ್ಣತಾಯಮ್ಮ ಸೆರಗು ಸಿಕ್ಕಿಸಿಕೊಂಡು ಅಂದಳು:
“ಯಾರ್ ಎಚ್ಚರ ಹೇಳಿದ್ರೋ ತಾಯಿ,
ನಲ್ವತ್ತು ವರ್ಷದಿಂದ ಅವ್ರ ಬಾಯ್ ಮ್ಯಾಲೆ ಬಟ್ಟೆ ಕುಕ್ತಾ ಇವ್ನಿ.”
ಯಾರೂ ನಗಲಿಲ್ಲ.

ವಾಪಸು ಬರುವಾಗ ಶಿವನಂಜ ನನ್ನ ಕಿವಿಯಲ್ಲಿ ಕೇಳಿದ,
ಗೇಟಿನ ಕೆಲಸ ನಮ್ಮೂರವರಿಗೇ ಕೊಡುತ್ತಾರಾ ಅಕ್ಕ, ಎಂದು.
ಅವನ ನೀರಿನ ಬಾಕಿ ಏಳುನೂರ ಎಂಬತ್ತು.
ಅದನ್ನೂ ಬರೆಯಲಿಲ್ಲ.

ಅವರು ಕೊರೆದು ತೆಗೆದ ಬಂಡೆಯ ಮಾದರಿ
ಒಂದು ತುಂಡು ನಮ್ಮ ಅಡುಗೆಮನೆಯಲ್ಲಿದೆ, ತಮ್ಮ ಎತ್ತಿ ತಂದದ್ದು.
ರೂಲುದೊಣ್ಣೆಯಂತೆ ನುಣುಪು. ಅವ್ವ ಬೆಳ್ಳುಳ್ಳಿ ಜಜ್ಜುತ್ತಾಳೆ.
ರಾತ್ರಿ ಬೆಳಕಿಗೆ ಹಿಡಿದು ನೋಡಿದೆ:
ಉದ್ದಕ್ಕೂ ಒಂದು ಗೆರೆ, ಕೂದಲಷ್ಟು.
ಬೆಳ್ಳುಳ್ಳಿಯ ವಾಸನೆ ಅದರೊಳಗೆ ಹೋಗಿ ಕೂತಿದೆ,
ಎಷ್ಟು ಉಜ್ಜಿದರೂ ಬರುವುದಿಲ್ಲ.

ಪುಸ್ತಕ ತೆಗೆದೆ. ‘ಚರ್ಚಿಸಲಾಯಿತು’ ಪಕ್ಕದಲ್ಲಿ
ಷರಾ ಕಾಲಂ ಖಾಲಿಯಿತ್ತು. ತೀರಾ ಚಿಕ್ಕದು.
ಜವರಯ್ಯನ ಮಾತು ಅವನ ಬಾಯಲ್ಲಿ ಬಂದಂತೆಯೇ ಬರೆಯುತ್ತ ಹೋದೆ,
ಏಳ್ನೂರರವತ್ತು ಅಡಿ ಬರುವಷ್ಟರಲ್ಲಿ ಗೀಟು ದಾಟಿತು,
ಪುಟದ ಅಂಚು ದಾಟಿ
ಹೊಲಿಗೆಯ ಸಂದಿಗೆ ಶಾಯಿ ಇಳಿಯಿತು.